ಸಾರಿಗೆ ನೌಕರರ ಕಾನೂನು: ಮನೆ ಒಂದು ರಾಜ್ಯದಲ್ಲಿ, ಮಾಲೀಕ ಇನ್ನೊಂದು ರಾಜ್ಯದಲ್ಲಿ ಇದ್ದಾಗ



ಸಂಘದ ಸದಸ್ಯತ್ವ ಪುಸ್ತಕದಲ್ಲಿ ‘ಉದ್ಯೋಗ’ ಎಂಬ ಅಂಕಣ ನೋಡುತ್ತ ಹೋದರೆ ಒಕ್ಕಲುತನ, ಶಿಕ್ಷಕ ವೃತ್ತಿ, ಅಂಗಡಿ ಇವುಗಳ ಜೊತೆಗೆ ಪುಟಪುಟಕ್ಕೂ ಸಿಗುವುದು ಡ್ರೈವರ್, ಕಂಡಕ್ಟರ್, ಕ್ಲೀನರ್, ಟ್ರಾನ್ಸ್‌ಪೋರ್ಟ್ ಆಫೀಸಿನ ಬುಕಿಂಗ್ ಗುಮಾಸ್ತ. ಗಡಿ ಊರಿನಲ್ಲಿ ಇದು ಸಹಜ. ಎರಡು ಮೂರು ಭಾಷೆ ಬರುವವನಿಗೆ ಗಾಡಿ ಕೆಲಸ ಬೇಗ ಸಿಗುತ್ತದೆ. ಮಂಜೇಶ್ವರದವರು ತಲಪಾಡಿ ದಾಟಿ ಮಂಗಳೂರಿನ ಖಾಸಗಿ ಬಸ್ಸುಗಳಿಗೆ ಹೋಗುತ್ತಾರೆ. ಜತ್ತ, ಅಕ್ಕಲಕೋಟೆಯವರು ವಿಜಯಪುರ, ಕಲಬುರಗಿ ಮಾಲೀಕರ ಲಾರಿ ಓಡಿಸುತ್ತಾರೆ. ಹೊಸೂರಿನವರು ಬೆಂಗಳೂರಿನ ಕಂಪನಿಗಳ ವ್ಯಾನಿನಲ್ಲಿರುತ್ತಾರೆ. ಮನೆ ಒಂದು ರಾಜ್ಯ, ಮಾಲೀಕ ಇನ್ನೊಂದು ರಾಜ್ಯ, ಗಾಡಿ ಓಡುವುದು ಮೂರನೆಯದರಲ್ಲಿ.

ಇವರು ಸಂಘದ ಕಚೇರಿಗೆ ಬಂದಾಗ ಕೇಳುವುದು ಹೆಚ್ಚುಕಡಿಮೆ ಎರಡೇ ಪ್ರಶ್ನೆ. ದಿನಕ್ಕೆ ಎಷ್ಟು ತಾಸು ದುಡಿಸಬಹುದು, ಹೆಚ್ಚಿಗೆ ದುಡಿಸಿದರೆ ಏನು ಕೊಡಬೇಕು ಎಂಬುದು ಮೊದಲನೆಯದು. ಏನಾದರೂ ಆದರೆ ಯಾವ ರಾಜ್ಯದ ಯಾವ ಕಚೇರಿಗೆ ಹೋಗಬೇಕು ಎಂಬುದು ಎರಡನೆಯದು. ಈ ಎರಡಕ್ಕೂ ಕಾನೂನಿನಲ್ಲಿ ಉತ್ತರವಿದೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ‘ಹಳೆಯ ಕಾನೂನು ಹೋಯಿತು, ಇನ್ನು ಏನೂ ಇಲ್ಲ’ ಎಂಬ ಮಾತು ಗ್ಯಾರೇಜುಗಳಲ್ಲಿ ಹಬ್ಬಿದೆ. ಅದು ಸರಿಯಲ್ಲ. ಹೋದದ್ದೇನು, ಉಳಿದದ್ದೇನು ಎಂದು ಬಿಡಿಸಿ ಹೇಳುವುದಕ್ಕೆ ಈ ಲೇಖನ.

ಸರ್ಕಾರಿ ಸಾರಿಗೆ ನಿಗಮಗಳಲ್ಲಿ ಇರುವವರಿಗೆ ಅವರದೇ ಸೇವಾ ನಿಯಮ, ಯೂನಿಯನ್‌ಗಳಿವೆ. ನಾನು ಬರೆಯುತ್ತಿರುವುದು ಮುಖ್ಯವಾಗಿ ಖಾಸಗಿ ಬಸ್, ಲಾರಿ, ವ್ಯಾನು, ಟ್ಯಾಂಕರ್‌ಗಳಲ್ಲಿ ದುಡಿಯುವವರಿಗೆ.

ಕಾನೂನಿನ ಕಣ್ಣಿನಲ್ಲಿ ಸಾರಿಗೆ ಕಾರ್ಮಿಕ ಯಾರು

ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಈ ರಂಗಕ್ಕೆ ಆಧಾರವಾಗಿದ್ದುದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ಬಾಡಿಗೆಗಾಗಿ ಜನರನ್ನೋ ಸರಕನ್ನೋ ರಸ್ತೆಯ ಮೇಲೆ ಸಾಗಿಸುವ ಸಂಸ್ಥೆಯಲ್ಲಿ 5 ಅಥವಾ ಹೆಚ್ಚು ಜನ ಸಾರಿಗೆ ಕಾರ್ಮಿಕರು ಇದ್ದರೆ ಆ ಸಂಸ್ಥೆ ಈ ಕಾಯ್ದೆಯ ಒಳಗೆ ಬರುತ್ತಿತ್ತು. ಡ್ರೈವರ್, ಕಂಡಕ್ಟರ್, ಕ್ಲೀನರ್ ಅಷ್ಟೇ ಅಲ್ಲ. ಟೈಮ್ ಕೀಪರ್, ಲೈನ್ ಚೆಕಿಂಗ್ ಮಾಡುವವರು, ಬುಕಿಂಗ್ ಗುಮಾಸ್ತ, ಕ್ಯಾಷ್ ಗುಮಾಸ್ತ, ಡಿಪೋ ಗುಮಾಸ್ತ, ಕಾವಲುಗಾರ ಇವರೆಲ್ಲರನ್ನೂ ಕಾಯ್ದೆ ಹೆಸರಿಸಿ ಸೇರಿಸಿತ್ತು. ನೇರವಾಗಿ ನೇಮಿಸಿದವರು, ಏಜೆನ್ಸಿ ಮೂಲಕ ಬಂದವರು ಎಂಬ ಭೇದ ಮಾಡಿರಲಿಲ್ಲ. ಸಂಬಳ ಇರಲಿ ಇಲ್ಲದಿರಲಿ ಎಂಬ ಮಾತೂ ಅದರಲ್ಲಿತ್ತು. ಡ್ರೈವಿಂಗ್ ಕಲಿಯುವ ಆಸೆಗೆ ಊಟಕ್ಕಷ್ಟೇ ಬರುವ ಹುಡುಗರು ನಮ್ಮ ಕಡೆ ಇನ್ನೂ ಇದ್ದಾರೆ, ಅಂಥವರನ್ನು ಕಾಯ್ದೆ ಹೊರಗಿಟ್ಟಿರಲಿಲ್ಲ.

ಈಗ ಈ ಕಾಯ್ದೆ ‘ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ, 2020’ರಲ್ಲಿ ಲೀನವಾಗಿದೆ. ಆ ಸಂಹಿತೆ ಇಂಥ 13 ಕಾಯ್ದೆಗಳನ್ನು ಒಂದುಗೂಡಿಸಿದೆ. ಸಾರಿಗೆ ಕಾರ್ಮಿಕರಿಗೆ ಇದರಲ್ಲಿ ಆದ ದೊಡ್ಡ ನಷ್ಟ ಒಂದೇ ಒಂದು ಅಂಕಿಯಲ್ಲಿದೆ. 5 ಎಂದಿದ್ದುದು 10 ಆಗಿದೆ.

ಅಂಕಿ ಚಿಕ್ಕದಾಗಿ ಕಾಣಬಹುದು, ಲೆಕ್ಕ ಹಾಕಿ ನೋಡಿ. ಒಂದು ಬಸ್ಸಿಗೆ ಡ್ರೈವರ್, ಕಂಡಕ್ಟರ್, ಕ್ಲೀನರ್ ಎಂದು ಮೂವರು. ಎರಡು ಬಸ್ಸಿನ ಮಾಲೀಕನ ಹತ್ತಿರ ಆರು ಜನ. ಹಳೆಯ ಕಾಯ್ದೆಯಲ್ಲಿ ಅವನು ನೋಂದಣಿ ಮಾಡಿಸಬೇಕಿತ್ತು, ಹಾಜರಿ ಇಡಬೇಕಿತ್ತು. ಈಗ ನಾಲ್ಕನೆಯ ಬಸ್ಸು ಬಂದ ಮೇಲೆಯೇ ಸಂಹಿತೆಯ ಲೆಕ್ಕಕ್ಕೆ ಸಿಗುತ್ತಾನೆ. ಗಡಿ ಊರುಗಳ ಮಾಲೀಕರಲ್ಲಿ ಬಹುಪಾಲು ಜನ ಎರಡು ಮೂರು ಗಾಡಿಯವರೇ. ಹೆಚ್ಚು ಗಾಡಿ ಇದ್ದವರೂ ಎರಡು ಹೆಂಡತಿಯ ಹೆಸರಿನಲ್ಲಿ, ಮೂರು ತಮ್ಮನ ಹೆಸರಿನಲ್ಲಿ ಎಂದು ಹಂಚಿಡುವುದು ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ಈ ಬದಲಾವಣೆ ಮಾಡಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

ಆದರೆ ಇಲ್ಲಿಗೆ ದಾರಿ ಮುಚ್ಚಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಇದೆ. ಸಾರಿಗೆ ವಾಹನ ಓಡಿಸಲು ನೇಮಿಸಿದ ಯಾವುದೇ ವ್ಯಕ್ತಿಯ ಕೆಲಸದ ಅವಧಿ 1961ರ ಕಾಯ್ದೆಯಲ್ಲಿ ಹೇಳಿದಷ್ಟೇ ಇರಬೇಕು ಎಂದು ಅದು ಹೇಳುತ್ತದೆ. ಅಲ್ಲಿ ಐದು ಜನ, ಹತ್ತು ಜನ ಎಂಬ ಮಾತಿಲ್ಲ. ಒಂದೇ ಲಾರಿ, ಒಬ್ಬನೇ ಡ್ರೈವರ್ ಆದರೂ ಅನ್ವಯಿಸುತ್ತದೆ. 1961ರ ಕಾಯ್ದೆಯೇ ರದ್ದಾದ ಮೇಲೆ ಈ ಕಲಂಗೆ ಅರ್ಥ ಉಳಿಯಿತೇ ಎಂದು ಕೇಳಬಹುದು. ಒಂದು ಕಾಯ್ದೆ ರದ್ದಾಗಿ ಅದರ ಜಾಗಕ್ಕೆ ಇನ್ನೊಂದು ಬಂದಾಗ, ಬೇರೆ ಕಾನೂನುಗಳಲ್ಲಿರುವ ಹಳೆಯದರ ಉಲ್ಲೇಖವನ್ನು ಹೊಸದರ ಉಲ್ಲೇಖ ಎಂದೇ ಓದಬೇಕು ಎಂಬುದು 1897ರ ಜನರಲ್ ಕ್ಲಾಸಸ್ ಕಾಯ್ದೆಯ ಸಾಮಾನ್ಯ ನಿಯಮ. ಮಾಲೀಕ ‘ನನ್ನ ಹತ್ತಿರ ನಾಲ್ಕೇ ಜನ, ನನಗೆ ಯಾವ ಕಾನೂನೂ ಇಲ್ಲ’ ಎಂದರೆ ಈ 91ನೇ ಕಲಂ ನೆನಪಿಡಿ.

ಎಂಟು ತಾಸು ಅಂದರೆ ಯಾವ ಎಂಟು ತಾಸು

ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂಬುದು 1961ರಿಂದ ಇರುವ ಮಿತಿ. ದೂರದ ಮಾರ್ಗ, ಜಾತ್ರೆ ಹಬ್ಬದ ದಿನಗಳಲ್ಲಿ ಅಧಿಕಾರಿಯ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54ರವರೆಗೆ ಹೋಗಲು ಹಳೆಯ ಕಾಯ್ದೆ ಬಿಟ್ಟಿತ್ತು. ಗಾಡಿ ಕೆಟ್ಟು ನಿಂತರೆ, ಮಳೆಗೆ ರಸ್ತೆ ಕುಸಿದರೆ ವಿನಾಯಿತಿ ಇತ್ತು. ಐದು ತಾಸಿಗೆ ಮೊದಲು ಕನಿಷ್ಠ ಅರ್ಧ ತಾಸು ವಿರಾಮ, ಬೆಳಿಗ್ಗೆ ಹಾಜರಿಯಿಂದ ರಾತ್ರಿ ಬಿಡುವವರೆಗೆ ಎಲ್ಲ ಸೇರಿ 12 ತಾಸು ಮೀರಬಾರದು, ಒಂದು ದಿನದ ಕೆಲಸ ಮುಗಿದು ಮಾರನೆಯ ದಿನದ್ದು ಶುರುವಾಗುವ ನಡುವೆ ಸತತ 9 ತಾಸು ವಿಶ್ರಾಂತಿ ಎಂಬುವೂ ಅದರಲ್ಲಿದ್ದವು. ಹೊಸ ಸಂಹಿತೆ 8 ತಾಸನ್ನು ತಾನೇ ಹೇಳಿದೆ. ವಿರಾಮ, ಒಟ್ಟು ಹರಹು ಮುಂತಾದ ವಿವರಗಳನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಆದ್ದರಿಂದ ಈ ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಬಹುದು. ಮಾಲೀಕನ ಕಚೇರಿ ಇರುವ ರಾಜ್ಯದ ನಿಯಮವನ್ನು ಅಲ್ಲಿನ ಕಾರ್ಮಿಕ ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಆದರೆ ಮುಖ್ಯವಾದದ್ದು ತಾಸಿನ ಸಂಖ್ಯೆಯಲ್ಲ, ಯಾವುದನ್ನು ಎಣಿಸಬೇಕು ಎಂಬುದು. ಮಾಲೀಕರು ಎಣಿಸುವುದು ಚಕ್ರ ತಿರುಗಿದ ಹೊತ್ತನ್ನು. ಕಾನೂನು ಎಣಿಸುವುದು ಹಾಗಲ್ಲ. ಗಾಡಿ ಓಡುವ ಅವಧಿಯಲ್ಲಿ ಮಾಡಿದ ಕೆಲಸ ಒಂದು. ಪೂರಕ ಕೆಲಸ ಎರಡು. ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತು 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಅದು ಮೂರು. ಈ ಮೂರೂ ಸೇರಿ ಕೆಲಸದ ಅವಧಿ. ಹಳೆಯ ಕಾಯ್ದೆಯ ಈ ಮೂರನ್ನೂ ಹೊಸ ಸಂಹಿತೆ ಹಾಗೆಯೇ ಉಳಿಸಿಕೊಂಡಿದೆ. ಇದು ಉಳಿದದ್ದು ದೊಡ್ಡ ಸಮಾಧಾನ.

ಪೂರಕ ಕೆಲಸ ಎಂದರೆ ಏನೇನು? ಲೆಕ್ಕ ಬರೆಯುವುದು, ಕಲೆಕ್ಷನ್ ಹಣ ಕಟ್ಟುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಟಿಕೆಟ್ ತಾಳೆ ನೋಡುವುದು, ಗಾಡಿಯನ್ನು ವಹಿಸಿಕೊಳ್ಳುವುದು, ತಂದು ಗ್ಯಾರೇಜಿಗೆ ಬಿಡುವುದು, ಸಹಿ ಹಾಕಿದ ಜಾಗದಿಂದ ಗಾಡಿ ನಿಂತ ಜಾಗಕ್ಕೆ ಹೋಗುವ ಹೊತ್ತು, ಗಾಡಿಯ ದುರಸ್ತಿ ಮತ್ತು ನಿಗಾ, ಸರಕು ಹೇರುವುದು ಇಳಿಸುವುದು. ರಾತ್ರಿ ಕೊನೆಯ ಟ್ರಿಪ್ ಮುಗಿಸಿ ಮಾಲೀಕರ ಮನೆಯ ಜಗಲಿಯಲ್ಲಿ ಮುಕ್ಕಾಲು ತಾಸು ಚಿಲ್ಲರೆ ಎಣಿಸುವ ಕಂಡಕ್ಟರನ ಆ ಮುಕ್ಕಾಲು ತಾಸು ಕೆಲಸದ ಅವಧಿಯೇ. ಬೆಳಿಗ್ಗೆ ಬಸ್ಸು ತೊಳೆಯುವ ಕ್ಲೀನರನ ಹೊತ್ತೂ ಕೆಲಸವೇ. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಲೋಡ್ ಆಗುವವರೆಗೆ ಹಗ್ಗ, ಟಾರ್ಪಾಲು ಹಿಡಿದು ನಿಂತ ಹೊತ್ತೂ ಅಷ್ಟೇ.

ಕಾಯುವ ಹೊತ್ತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜಗಳಗಳೆಲ್ಲ ಹುಟ್ಟುವುದು ಅಲ್ಲೇ. ವಯನಾಡಿನ ನಮ್ಮ ಸದಸ್ಯರಿಗೆ ಗೊತ್ತಿರುವ ಉದಾಹರಣೆ ತೆಗೆದುಕೊಳ್ಳುತ್ತೇನೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರ ಕಾಡಿನೊಳಗೆ ಹಾದುಹೋಗುತ್ತದೆ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ. ತರಕಾರಿ ಲಾರಿಯವನು ಒಂಬತ್ತೂಕಾಲಿಗೆ ಚೆಕ್‌ಪೋಸ್ಟಿಗೆ ಬಂದರೆ ಬೆಳಗಿನವರೆಗೆ ಅಲ್ಲೇ. ತಾಳವಾಡಿಯವರಿಗೆ ದಿಂಬಂ ಘಾಟಿನಲ್ಲೂ ಇಂಥದೇ ಅನುಭವ. ಮಾಲೀಕ ಹೇಳುತ್ತಾನೆ: ಒಂಬತ್ತರಿಂದ ಆರು, ಸರಿಯಾಗಿ ಒಂಬತ್ತು ತಾಸು, ನಿನ್ನ ವಿಶ್ರಾಂತಿ ಮುಗಿಯಿತು, ಬೆಳಿಗ್ಗೆ ಗಾಡಿ ಎತ್ತು.

ಲೆಕ್ಕ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಕೆಲಸದ ಅವಧಿ ಎಂದರೆ ಕಾರ್ಮಿಕ ಮಾಲೀಕನ ಅಧೀನದಲ್ಲಿರುವ ಸಮಯ ಎಂದು 1961ರ ಕಾಯ್ದೆ ವಿವರಿಸಿತ್ತು. ಗಾಡಿ ನಿಂತ ಹೊತ್ತನ್ನು ಕಳೆಯಬೇಕಾದರೆ ಆ ಹೊತ್ತಿನಲ್ಲಿ ಅವನು ತನ್ನ ಇಷ್ಟದಂತೆ ಸಮಯ ಕಳೆಯಲು ಸ್ವತಂತ್ರನಾಗಿರಬೇಕು ಎಂಬುದು ಅದರ ಅಳತೆ. ಗಾಡಿಗೆ ಬೀಗ ಹಾಕಿ, ಬೇರೆ ಯಾರೋ ಕಾವಲಿದ್ದು, ಇವನು ಹೋಗಿ ಒಂದು ಕೋಣೆಯಲ್ಲಿ ಮಲಗಿ ಎದ್ದರೆ ಅದು ವಿಶ್ರಾಂತಿ. ಡೀಸೆಲ್ ಕಳುವಾದರೆ, ಲೋಡಿನ ಮೇಲಿನ ಮೂಟೆ ಕಾಣೆಯಾದರೆ ನೀನೇ ಹೊಣೆ ಎಂದು ಹೇಳಿ ಕ್ಯಾಬಿನ್ನಿನಲ್ಲಿ ಅರೆಗಣ್ಣಿನಲ್ಲಿ ಮಲಗಿಸಿದರೆ ಅದು ಕಾವಲು. ಕಾವಲು ಕೆಲಸವೇ ಎಂದು ವಾದಿಸಲು ಕಾರ್ಮಿಕನಿಗೆ ಗಟ್ಟಿ ನೆಲೆ ಇದೆ ಎಂದೇ ನಾನು ಓದಿಕೊಂಡಿದ್ದೇನೆ. ನೌಕರರು ರಾತ್ರಿ ತಂಗಲೇಬೇಕಾದ ಜಾಗಗಳಲ್ಲಿ ವಿಶ್ರಾಂತಿ ಕೋಣೆ ಒದಗಿಸಬೇಕು ಎಂದೂ ಹಳೆಯ ಕಾಯ್ದೆಯಲ್ಲಿತ್ತು. ಎಷ್ಟು ಕಡೆ ಕಟ್ಟಿದ್ದರು ಎಂದು ಡ್ರೈವರುಗಳನ್ನೇ ಕೇಳಿ.

ಮಿತಿ ಮೀರಿ ದುಡಿಸಿದರೆ ಆ ಹೆಚ್ಚಿನ ಹೊತ್ತಿಗೆ ಸಾಮಾನ್ಯ ದರದ ಎರಡರಷ್ಟು ಕೊಡಬೇಕು. ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ತಿಂಗಳಿಗೆ 18,000 ರೂಪಾಯಿ ಸಂಬಳ, 26 ದಿನ ಕೆಲಸ ಎಂದುಕೊಳ್ಳಿ. ದಿನಕ್ಕೆ 8 ತಾಸಿನಂತೆ ತಾಸಿಗೆ ಸುಮಾರು 86 ರೂಪಾಯಿ 50 ಪೈಸೆ. ಎರಡರಷ್ಟು ಎಂದರೆ 173. ದಿನಾ 11 ತಾಸು ದುಡಿಸಿದರೆ ಮೂರು ತಾಸಿಗೆ 519 ರೂಪಾಯಿ, ತಿಂಗಳಿಗೆ 13,500. ಸಂಬಳದ ಮುಕ್ಕಾಲು ಭಾಗ! ಇಷ್ಟು ದೊಡ್ಡ ಮೊತ್ತ ಎಂದು ಗೊತ್ತಾದ ದಿನ ಡ್ರೈವರನ ಮುಖ ನೋಡಬೇಕು.

‘ಬಾಟಾ ಕೊಡುತ್ತೇವಲ್ಲ’ ಎಂಬುದು ಇದಕ್ಕೆ ಸಿದ್ಧ ಉತ್ತರ. ಬಾಟಾ ಊರು ಬಿಟ್ಟು ಹೋದಾಗಿನ ಊಟ, ಚಹಾ, ಮಲಗುವ ಖರ್ಚಿಗೆ ಕೊಡುವುದು. ಓವರ್‌ಟೈಮ್ ದುಡಿಮೆಗೆ ಕೊಡುವುದು. ಎರಡೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕಾದವು. ಕಲೆಕ್ಷನ್ ಮೇಲೆ ಕಮಿಷನ್ ಕೊಡುವ ಪದ್ಧತಿಯಲ್ಲೂ ಕೈಗೆ ಬಂದ ಮೊತ್ತ ಆ ರಾಜ್ಯದ ಕನಿಷ್ಠ ವೇತನಕ್ಕಿಂತ ಕಡಿಮೆಯಾಗಬಾರದು.

ವಾರದ ರಜೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಾರಕ್ಕೊಂದು ದಿನ ರಜೆ. ಸಂಚಾರ ಏರುಪೇರಾಗದಿರಲಿ ಎಂದು ರಜೆಯ ದಿನ ಕರೆಸಬಹುದು, ಆದರೆ ಒಂದು ಪೂರ್ಣ ದಿನದ ಬಿಡುವಿಲ್ಲದೆ ಸತತ 10 ದಿನ ಮೀರಿ ದುಡಿಸುವಂತಿಲ್ಲ. ಇನ್ನು ವರ್ಷದ ಸಂಬಳಸಹಿತ ರಜೆ. ಇಲ್ಲಿ ಹೊಸ ಸಂಹಿತೆ ಒಳ್ಳೆಯದು ಮಾಡಿದೆ. ಮೊದಲು ವರ್ಷದಲ್ಲಿ 240 ದಿನ ದುಡಿದವರಿಗೆ ಮಾತ್ರ ಸಿಗುತ್ತಿದ್ದ ರಜೆ ಈಗ 180 ದಿನ ದುಡಿದವರಿಗೂ ಸಿಗುತ್ತದೆ. ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನದ ರಜೆ. ಕಬ್ಬಿನ ಹಂಗಾಮು, ದ್ರಾಕ್ಷಿ ಹಂಗಾಮು ಎಂದು ಆರೇಳು ತಿಂಗಳು ದುಡಿಯುವ ಜತ್ತ, ಸೊಲ್ಲಾಪುರದ ಕಡೆಯವರು ಇದನ್ನು ಗಮನಿಸಬೇಕು. ನೇಮಕದ ಪತ್ರ ಕೊಡುವುದನ್ನೂ ಸಂಹಿತೆ ಕಡ್ಡಾಯ ಮಾಡಿದೆ. ಕೇಳಿ ಪಡೆಯಿರಿ.

ಸಂಬಳದಲ್ಲಿ ಹಿಡಿತ

ಟೈರ್ ಸಿಡಿಯಿತು, ಡೀಸೆಲ್ ಆವರೇಜ್ ಬರಲಿಲ್ಲ, ಮೂಟೆ ಕಡಿಮೆ ಬಂತು, ಪೊಲೀಸ್ ದಂಡ ಬಿತ್ತು ಎಂದು ತಿಂಗಳ ಕೊನೆಗೆ ಸಂಬಳದಲ್ಲಿ ಹಿಡಿಯುವುದು ನಮ್ಮವರ ದೊಡ್ಡ ದೂರು. ಕಾನೂನು ಹಿಡಿತವನ್ನು ಪೂರ್ತಿ ತಡೆದಿಲ್ಲ. ನೌಕರನ ವಶಕ್ಕೆ ಕೊಟ್ಟ ಸರಕು ಅಥವಾ ಲೆಕ್ಕ ಕೊಡಬೇಕಾದ ಹಣ ಅವನ ನಿರ್ಲಕ್ಷ್ಯದಿಂದಲೇ ಹೋದರೆ ಹಿಡಿಯಬಹುದು. ಆದರೆ ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಮತ್ತು ಅದಕ್ಕೆ ಮೊದಲು ಅವನ ಸಮಜಾಯಿಷಿ ಕೇಳಲೇಬೇಕು. ಎಲ್ಲ ಬಗೆಯ ಹಿಡಿತಗಳು ಸೇರಿದರೂ ಸಂಬಳದ ಅರ್ಧ ಮೀರಬಾರದು ಎಂದು 2019ರ ವೇತನ ಸಂಹಿತೆ ಹೇಳುತ್ತದೆ. ಸವೆದ ಟೈರ್ ಸಿಡಿದರೆ ಅದು ಟೈರ್ ಬದಲಿಸದವನ ನಿರ್ಲಕ್ಷ್ಯ, ಓಡಿಸಿದವನದಲ್ಲ.

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಬಾಕಿಗೆ ಅರ್ಜಿ ಹಾಕಲು ಈಗ 3 ವರ್ಷ ಅವಕಾಶವಿದೆ. ಹಿಂದೆ ಕನಿಷ್ಠ ವೇತನದ ಅರ್ಜಿಗೆ ಆರು ತಿಂಗಳಷ್ಟೇ ಇತ್ತು.

ಎಲ್ಲಿಗೆ ಹೋಗಬೇಕು

ಇದು ಗಡಿಯವರ ಪ್ರಶ್ನೆ. ಬೆಂಗಳೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಮಾಲೀಕ ಇರುವವನಿಗೆ ಇದು ಹುಟ್ಟುವುದೇ ಇಲ್ಲ.

ಸಂಬಳ, ಓವರ್‌ಟೈಮ್, ರಜೆ ಇವುಗಳ ತಕರಾರಿಗೆ ಸಾಮಾನ್ಯವಾಗಿ ಸಂಸ್ಥೆ ಎಲ್ಲಿದೆಯೋ ಅಲ್ಲಿನ ಕಾರ್ಮಿಕ ಇಲಾಖೆ. ಮಂಜೇಶ್ವರದವನು ಮಂಗಳೂರಿನ ಬಸ್ಸಿನಲ್ಲಿದ್ದರೆ ಕನಿಷ್ಠ ವೇತನ ಕರ್ನಾಟಕದ ದರದ್ದು, ಕಚೇರಿ ಮಂಗಳೂರಿನದು. ಕೇರಳದ ದರ ಹೆಚ್ಚೋ ಕಡಿಮೆಯೋ, ಅದನ್ನು ಇಲ್ಲಿ ಕೇಳಲಾಗದು. ಅದೇ ರೀತಿ ಅಕ್ಕಲಕೋಟೆಯ ಡ್ರೈವರ್ ಕಲಬುರಗಿ ಮಾಲೀಕನ ಮೇಲೆ ಸೊಲ್ಲಾಪುರದಲ್ಲಿ ಸಂಬಳದ ದೂರು ಕೊಟ್ಟರೆ, ಕಲಬುರಗಿಗೆ ಹೋಗಿ ಎಂದು ವಾಪಸು ಕಳಿಸುತ್ತಾರೆ.

ಅಪಘಾತದ ಪರಿಹಾರಕ್ಕೆ ಮಾತ್ರ ಹಾಗಲ್ಲ. ಇದನ್ನು ದಯವಿಟ್ಟು ಎರಡು ಸಲ ಓದಿ. ಕೆಲಸದ ಮೇಲಿದ್ದಾಗ ಗಾಯವಾದರೆ, ಸಾವು ಸಂಭವಿಸಿದರೆ, ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿ ಹಾಕಬಹುದು. ಮಾಲೀಕನ ನೋಂದಾಯಿತ ಕಚೇರಿ ಇರುವಲ್ಲಿ ಹಾಕಬಹುದು. ಗಾಯಗೊಂಡವನು ಅಥವಾ ಮೃತನ ಅವಲಂಬಿತರು ವಾಸವಾಗಿರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಆಯ್ಕೆ ಅರ್ಜಿದಾರರದು. 1923ರ ನೌಕರರ ಪರಿಹಾರ ಕಾಯ್ದೆಗೆ 1995ರಲ್ಲಿ ಬಂದ ತಿದ್ದುಪಡಿ ಇದು. ಈಗ ಆ ಕಾಯ್ದೆಯ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಉಳಿದಿದೆ.

ನಮ್ಮ ಕಚೇರಿಗೆ ಬಂದಿದ್ದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಮಗ ಲಾರಿ ಕ್ಲೀನರ್. ಮಾಲೀಕ ಬೇರೆ ರಾಜ್ಯದವರು, ಅಪಘಾತ ನಡೆದದ್ದು ಇನ್ನೂರೈವತ್ತು ಕಿಲೋಮೀಟರ್ ಆಚೆ. ಕೇಸು ಹಾಕಬೇಕಾದರೆ ಅಲ್ಲಿಗೇ ಹೋಗಿ ಪ್ರತಿ ಸಲ ನಿಲ್ಲಬೇಕು, ನಿಮ್ಮಿಂದ ಆಗದು, ಇಷ್ಟು ತೆಗೆದುಕೊಂಡು ಸಹಿ ಹಾಕಿ ಎಂದು ಯಾರೋ ಮಧ್ಯಸ್ಥರು ಎಂಬತ್ತು ಸಾವಿರ ತಂದು ಮುಂದಿಟ್ಟಿದ್ದರು. ಆಕೆ ಸಹಿ ಹಾಕುವ ಮೊದಲು, ಆ ಕಾಗದ ಓದಿಸಿಕೊಳ್ಳಲು ಸಂಘಕ್ಕೆ ಬಂದದ್ದು ಪುಣ್ಯ. ಕನ್ನಡ ಬಿಟ್ಟು ಬೇರೆ ಲಿಪಿ ಅವರಿಗೆ ಬಾರದು, ಕಾಗದ ಇದ್ದದ್ದು ಬೇರೆ ಲಿಪಿಯಲ್ಲಿ. ತಮ್ಮ ಊರಿನ ಜಿಲ್ಲೆಯಲ್ಲೇ ಅರ್ಜಿ ಹಾಕಿದರು. ಪ್ರಕರಣ ಇನ್ನೂ ನಡೆಯುತ್ತಿದೆ.

ಎಂಬತ್ತು ಸಾವಿರ ಎಷ್ಟು ಕಡಿಮೆ ಎಂದು ತಿಳಿಯಲು ಲೆಕ್ಕದ ವಿಧಾನ ಗೊತ್ತಿರಬೇಕು. ಸಾವಿನ ಪ್ರಕರಣದಲ್ಲಿ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸುತ್ತಾರೆ. ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ 2020ರ ಜನವರಿಯಲ್ಲಿ ಕೇಂದ್ರ ನಿಗದಿ ಮಾಡಿದ ಮಿತಿ 15,000 ರೂಪಾಯಿ. ಗುಣಕ 30ನೇ ವಯಸ್ಸಿಗೆ 207.98, 40ಕ್ಕೆ 184.17, 50ಕ್ಕೆ 153.09. ಹದಿನೈದು ಸಾವಿರ ವೇತನದ ನಲವತ್ತು ವರ್ಷದವನಿಗೆ 7,500ನ್ನು 184.17ರಿಂದ ಗುಣಿಸಿದರೆ 13,81,275 ರೂಪಾಯಿ. ದುಡಿಯುವ ಶಕ್ತಿ ಶಾಶ್ವತವಾಗಿ ಪೂರ್ತಿ ಹೋದರೆ ಅರ್ಧದ ಬದಲು ವೇತನದ ಶೇಕಡಾ 60 ಹಿಡಿಯುತ್ತಾರೆ. ಅದೇ ವ್ಯಕ್ತಿಗೆ 16,57,530. ಮಾಲೀಕ ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12 ಬಡ್ಡಿ. ಅರ್ಜಿಗೆ ಎರಡು ವರ್ಷದ ಗಡುವು.

ಇಲ್ಲಿ ಕೆಲಸಗಾರರ ಸಂಖ್ಯೆಯ ಮಿತಿ ಇಲ್ಲ. ಒಬ್ಬನೇ ಡ್ರೈವರ್ ಇದ್ದರೂ ಮಾಲೀಕ ಹೊಣೆಗಾರ. ಮೋಟಾರು ವಾಹನಕ್ಕೆ ಸಂಬಂಧಿಸಿದ ಡ್ರೈವರ್, ಹೆಲ್ಪರ್, ಮೆಕ್ಯಾನಿಕ್, ಕ್ಲೀನರ್ ಎಲ್ಲರನ್ನೂ ಕಾನೂನು ಹೆಸರಿಸಿದೆ. ಇನ್ನೂ ಒಂದು ಸಂಗತಿ: ತಪ್ಪು ಡ್ರೈವರನದೇ ಆಗಿದ್ದರೂ ಈ ಪರಿಹಾರ ಸಿಗುತ್ತದೆ. ನಿದ್ದೆ ಬಂದು ಗಾಡಿ ಮರಕ್ಕೆ ಹೊಡೆಯಿತು, ಇನ್ನೇನು ಕೇಳುವುದು ಎಂದು ಸುಮ್ಮನಾದ ಮನೆಗಳನ್ನು ನಾನು ನೋಡಿದ್ದೇನೆ. ಕೇಳಬಹುದು.

ಬೇರೆ ಗಾಡಿಯವರ ತಪ್ಪಿನಿಂದ ಅಪಘಾತವಾಗಿದ್ದರೆ ಇನ್ನೊಂದು ದಾರಿ ಇದೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಲ್ಲೂ ಅರ್ಜಿದಾರರು ತಮ್ಮ ವಾಸದ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಅಲ್ಲಿ ವೇತನಕ್ಕೆ ಹದಿನೈದು ಸಾವಿರದ ಮಿತಿ ಇಲ್ಲದ್ದರಿಂದ ಮೊತ್ತ ಹೆಚ್ಚಾಗಬಹುದು, ಆದರೆ ಎದುರಿನವರ ತಪ್ಪು ಸಾಬೀತಾಗಬೇಕು. ಎರಡೂ ಕಡೆ ಪಡೆಯುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಯಾವುದು ಎಂಬುದನ್ನು ವಕೀಲರ ಜೊತೆ ಕೂತು ನಿರ್ಧರಿಸಿ. 2019ರ ತಿದ್ದುಪಡಿ ಈ ನ್ಯಾಯಮಂಡಳಿಯ ಅರ್ಜಿಗೆ ಆರು ತಿಂಗಳ ಗಡುವು ಇಟ್ಟಿರುವುದರಿಂದ ತಡ ಮಾಡಬೇಡಿ. ಸಂಸ್ಥೆ ಇ.ಎಸ್.ಐ. ಒಳಗಿದ್ದು ನೌಕರನಿಗೆ ಇ.ಎಸ್.ಐ. ಸಂಖ್ಯೆ ಇದ್ದರೆ ಲೆಕ್ಕ ಬೇರೆ. ಆಗ ಮಾಲೀಕನಿಂದ ಪರಿಹಾರವಲ್ಲ, ನಿಗಮದಿಂದ ಅವಲಂಬಿತರಿಗೆ ತಿಂಗಳ ಪಿಂಚಣಿ. ಸಂಬಳ 21,000 ರೂಪಾಯಿಯವರೆಗೆ ಇರುವವರು ತಮಗೆ ಇ.ಎಸ್.ಐ. ಕಟ್ಟುತ್ತಿದ್ದಾರೆಯೇ ಎಂದು ಇಂದೇ ವಿಚಾರಿಸಿಕೊಳ್ಳಿ.

ಕನ್ನಡದಲ್ಲೇ ಅರ್ಜಿ ಬರೆಯಬಹುದು

ಅಹವಾಲನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸರ್ಕಾರದ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಕಾರ್ಮಿಕ ಅಧಿಕಾರಿ ದೂರನ್ನು ಹಿಂದಿರುಗಿಸುವಂತಿಲ್ಲ. ಆದರೂ ಕಡತ ಬೇಗ ಚಲಿಸಬೇಕಾದರೆ ಜೊತೆಗೆ ಮರಾಠಿ, ಮಲಯಾಳಂ, ತಮಿಳು, ತೆಲುಗು ಅಥವಾ ಇಂಗ್ಲಿಷಿನ ಅನುವಾದ ಲಗತ್ತಿಸುವುದು ಜಾಣತನ. ಮೇಜಿನ ಆ ಬದಿಯಲ್ಲಿ ಬಹಳ ವರ್ಷ ಗುಮಾಸ್ತನಾಗಿ ಕೂತವನು ಹೇಳುವ ಮಾತು ಇದು. ಓದಲು ಬಾರದ ಕಾಗದ ಕಡತದ ತಳಕ್ಕೆ ಹೋಗುತ್ತದೆ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿ ಇಲ್ಲದೆ ಕಚೇರಿಯಿಂದ ಹೊರಬರಬೇಡಿ.

ಇಷ್ಟೆಲ್ಲ ಕಾನೂನು ಇದ್ದೂ ಅರ್ಜಿಗಳು ಬೀಳುವುದು ಒಂದೇ ಕಡೆ: ‘ಇವನು ನಮ್ಮಲ್ಲಿ ಕೆಲಸಕ್ಕಿರಲೇ ಇಲ್ಲ’ ಎಂದು ಮಾಲೀಕ ಹೇಳಿದಾಗ. ನೇಮಕದ ಪತ್ರ ಇಲ್ಲದವರೇ ಹೆಚ್ಚು. ಹಾಗಾಗಿ ಪುರಾವೆ ನಾವೇ ಕೂಡಿಡಬೇಕು. ಟ್ರಿಪ್ ಶೀಟಿನ ಫೋಟೋ ತೆಗೆದು ಮನೆಯವರ ಫೋನಿಗೆ ಕಳಿಸಿ, ನಿಮ್ಮ ಫೋನಿನಲ್ಲಿ ಮಾತ್ರ ಇದ್ದರೆ ಅಪಘಾತದಲ್ಲಿ ಫೋನೂ ಹೋಗುತ್ತದೆ. ಸಂಬಳ, ಬಾಟಾ ಯುಪಿಐ ಮೂಲಕ ಬಂದರೆ ಬ್ಯಾಂಕ್ ಪುಸ್ತಕದಲ್ಲಿ ಮಾಲೀಕನ ಹೆಸರು ದಾಖಲಾಗುತ್ತದೆ, ನಗದಿಗಿಂತ ಅದು ಮೇಲು. ಸರಕಿನ ಇ-ವೇ ಬಿಲ್‌ನಲ್ಲಿ ಗಾಡಿಯ ಸಂಖ್ಯೆ ಇರುತ್ತದೆ. ಫಾಸ್ಟ್ಯಾಗ್ ದಾಖಲೆಯಲ್ಲಿ ಯಾವ ಟೋಲ್ ಎಷ್ಟು ಹೊತ್ತಿಗೆ ದಾಟಿತು ಎಂಬುದು ಇರುತ್ತದೆ. ಬಸ್ಸಿನ ಟಿಕೆಟ್ ಯಂತ್ರದಲ್ಲಿ ಮೊದಲ ಮತ್ತು ಕೊನೆಯ ಟಿಕೆಟ್ಟಿನ ವೇಳೆ ಇರುತ್ತದೆ. ಇವು ಮಾಲೀಕನ ಕೈಯಲ್ಲಿದ್ದರೂ ತರಿಸಿ ನೋಡುವಂತೆ ಅರ್ಜಿಯಲ್ಲಿ ಕೇಳಬಹುದು, ಆದರೆ ದಿನಾಂಕ ಮತ್ತು ಗಾಡಿ ಸಂಖ್ಯೆ ನಿಮಗೆ ಗೊತ್ತಿರಬೇಕು. ಅದಕ್ಕಾಗಿ ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಇಡಿ. ದಿನಾಂಕ, ಗಾಡಿ ಸಂಖ್ಯೆ, ಹಾಜರಿ ಹೊತ್ತು, ಬಿಟ್ಟ ಹೊತ್ತು, ಕಾದ ಜಾಗ. ಐದು ಅಂಶ ಸಾಕು. ಗಾಡಿಯ ವಿಮಾ ಪಾಲಿಸಿಯ ಫೋಟೋ ಕೂಡ ತೆಗೆದಿಟ್ಟುಕೊಳ್ಳಿ. ಡ್ರೈವರ್ ಮತ್ತು ಕ್ಲೀನರ್ ಸಲುವಾಗಿ ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದಾರೆಯೇ ಎಂಬುದು ಅದರಲ್ಲಿ ಕಾಣುತ್ತದೆ.

ಸ್ವಂತ ಗಾಡಿ ತಾನೇ ಓಡಿಸುವವರಿಗೆ ಮೇಲಿನ ಬಹುಪಾಲು ಅನ್ವಯಿಸದು, ಅವರಿಗೆ ಮಾಲೀಕನೇ ಇಲ್ಲವಲ್ಲ. ಅಂಥವರು ಇ-ಶ್ರಮ್ ನೋಂದಣಿ ಮಾಡಿಸಿಕೊಳ್ಳಲಿ, ಇ.ಎಸ್.ಐ., ಪಿ.ಎಫ್. ಇಲ್ಲದ 16ರಿಂದ 59 ವರ್ಷದವರಿಗೆ ಅದು ತೆರೆದಿದೆ. ಕೇರಳದಲ್ಲಿ 1985ರ ಕಾಯ್ದೆಯಡಿ ಮೋಟಾರು ಕಾರ್ಮಿಕರ ಕ್ಷೇಮನಿಧಿ ಮಂಡಳಿ ಇದೆ. ತಮಿಳುನಾಡಿನಲ್ಲಿ ಅಸಂಘಟಿತ ಚಾಲಕರಿಗೆ ಕಲ್ಯಾಣ ಮಂಡಳಿ ಇದೆ. ಕರ್ನಾಟಕವೂ 2024ರಲ್ಲಿ ಇಂಥ ಕಾಯ್ದೆ ತಂದಿದೆ. ಯಾವ ಮಂಡಳಿಗೆ ಯಾರು ಅರ್ಹರು ಎಂಬ ವಿವರ ದೊಡ್ಡದು, ಅದಕ್ಕೆ ಪ್ರತ್ಯೇಕ ಲೇಖನ ಬೇಕು.

ಸಂಘದ ಕಚೇರಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಅರ್ಜಿ ಬರೆದುಕೊಡುವ, ಕಾಗದ ಓದಿ ಹೇಳುವ ವ್ಯವಸ್ಥೆ ಇದೆ. ಶುಲ್ಕವಿಲ್ಲ. ಬರುವಾಗ ಲೈಸೆನ್ಸ್, ಆಧಾರ್, ಬ್ಯಾಂಕ್ ಪುಸ್ತಕ, ಇರುವ ಟ್ರಿಪ್ ಶೀಟುಗಳನ್ನು ತನ್ನಿ. ಅಪಘಾತದ ವಿಷಯವಾದರೆ ಎಫ್.ಐ.ಆರ್. ಪ್ರತಿ, ಆಸ್ಪತ್ರೆಯ ಕಾಗದ, ಮರಣ ಪ್ರಮಾಣಪತ್ರ ಇರಲಿ. ಯಾರಾದರೂ ಸಹಿ ಹಾಕಲು ಕಾಗದ ಕೊಟ್ಟಿದ್ದರೆ ಸಹಿ ಹಾಕದೆ ಹಾಗೆಯೇ ತನ್ನಿ. ಡ್ರೈವರುಗಳಿಗೆ ಭಾನುವಾರ ಬಿಡುವಿರುವುದಿಲ್ಲ ಎಂದು ಗೊತ್ತು, ಮನೆಯವರು ಬಂದರೂ ಸಾಕು.

– ಕಾರ್ಯದರ್ಶಿ